ಎಸ್‌ಯು ಕಾರ್ಬೊರೇಟರ್ ಬಿಚ್ಚಿ ವೆಬರ್ ಹಾಕಿಸುವ ಮುಂಚೆ ನನ್ನ ಕಥೆ ಕೇಳಿ

ನನ್ನದು 1967ರ ಎಂಜಿಬಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಮುಂಬೈಯಲ್ಲಿದ್ದ ಕಾಕಾನಿಂದ ಬಂದದ್ದು. ಹುಬ್ಬಳ್ಳಿಯಲ್ಲಿ ಇಂಥ ಗಾಡಿ ಇಟ್ಟುಕೊಂಡವನ ಕಷ್ಟವೇ ಬೇರೆ. ಸಿಗ್ನಲ್‌ನಲ್ಲಿ ನಿಂತರೆ ಹತ್ತು ಜನ ಫೋಟೊ ತೆಗೆಯುತ್ತಾರೆ, ಕೆಟ್ಟು ನಿಂತರೆ ಕೈ ಹಾಕುವವರು ಒಬ್ಬರೂ ಇಲ್ಲ.

ಶುರುವಿಗೆ ಇದ್ದ ತೊಂದರೆ ಸಣ್ಣದು. ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ಸಣ್ಣಗೆ ಓಡುವುದು, ಒಂದೇ ಸಮ ಇರುತ್ತಿರಲಿಲ್ಲ. ಉಣಕಲ್ ಹತ್ತಿರ ಕೆಂಪು ದೀಪ ಬಿದ್ದರೆ ಎಂಜಿನ್ ಆಫ್. ಈ 1798 ಸಿಸಿ ಎಂಜಿನ್‌ಗೆ ಕಂಪನಿಯವರು ಕೊಟ್ಟದ್ದು ಎಸ್‌ಯು ಎಂಬ ಬ್ರ್ಯಾಂಡಿನ ಎರಡು ಎಚ್‌ಎಸ್4 ಕಾರ್ಬೊರೇಟರ್. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವುದು ಇವುಗಳ ಕೆಲಸ. ಎರಡೂ ಒಂದೇ ಸಮ ಗಾಳಿ ಎಳೆಯುವಂತೆ ಹೊಂದಿಸಬೇಕು, ಆ ಕೈಚಳಕ ಇರುವವರು ಈಗ ಕಡಿಮೆ. ಬೇರೆ ಊರಿನ ಒಬ್ಬ ಸ್ಪೇರ್ ಪಾರ್ಟ್ಸ್ ವ್ಯಾಪಾರಿ ಫೋನಿನಲ್ಲಿ, "ಅದರ ಗೊಡವಿ ಯಾಕ್ರಿ ಸರ? ಒಂದ ವೆಬರ್ 32/36 ಹಾಕ್ರಿ. ಮ್ಯಾನಿಫೋಲ್ಡ್ ಸಮೇತ ಕಳಸ್ತೀನಿ, ಹಂಗ ಕುಂದರತೈತಿ" ಅಂದ. ವೆಬರ್ ಇನ್ನೊಂದು ಬ್ರ್ಯಾಂಡಿನ ಕಾರ್ಬೊರೇಟರ್, ಮ್ಯಾನಿಫೋಲ್ಡ್ ಅದನ್ನು ಎಂಜಿನ್‌ಗೆ ಜೋಡಿಸುವ ಕೊಳವೆ. ರೇಟು 62,000. ಹಳೇ ಎಸ್‌ಯು ಜೋಡಿ, ಅದರ ಮ್ಯಾನಿಫೋಲ್ಡ್ ವಾಪಸ್ ಕೊಟ್ಟರೆ 8,000 ಕಡಿಮೆ. ಕೊಟ್ಟುಬಿಟ್ಟೆ. ಇವತ್ತಿಗೂ ಹೊಟ್ಟೆ ಉರಿಯುವುದು ಆ 8,000ಕ್ಕೇ.

ಗೋಕುಲ ರೋಡ್ ಕಡೆಯ ಒಂದು ಗ್ಯಾರೇಜಿನಲ್ಲಿ ಎರಡು ದಿನ ಹಿಡಿದು ಕೂರಿಸಿದರು. ಸ್ಟಾರ್ಟ್ ಆಯಿತು, ಸದ್ದೂ ಗಡುಸಾಗಿತ್ತು. ನಾನು ಖುಷಿಯಲ್ಲಿ ಹುಡುಗರಿಗೆಲ್ಲ ಗಿರ್ಮಿಟ್ ತಿನ್ನಿಸಿದೆ. ಮರುದಿನವೇ ಐಡ್ಲಿಂಗ್ ಒಮ್ಮೆ 800 ಆರ್‌ಪಿಎಂ, ಒಮ್ಮೆ 1,500, ನಡುವೆ ಕಾರ್ಬೊರೇಟರ್‌ನಿಂದಲೇ ಪಟ್ ಪಟ್ ಸದ್ದು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಗ್ಯಾರೇಜಿನವರು ಮೂರು ಸಲ ಪ್ಯಾಕಿಂಗ್ ಬದಲಿಸಿದರು, ಮೂರು ಸಲವೂ ನಟ್ ಇನ್ನಷ್ಟು ಬಿಗಿ ಮಾಡಿದರು.

ಕೊನೆಗೆ ಒಂದು ಭಾನುವಾರ ನಾನೇ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಈ ಎಂಜಿನ್‌ನಲ್ಲಿ ಇಂಟೇಕ್ (ಗಾಳಿ-ಪೆಟ್ರೋಲ್ ಒಳಗೆ ಹೋಗುವ ಮ್ಯಾನಿಫೋಲ್ಡ್) ಮತ್ತು ಎಕ್ಸಾಸ್ಟ್ (ಹೊಗೆ ಹೊರಬರುವದು) ಎರಡೂ ಒಂದೇ ಕಡೆ, ಅಕ್ಕಪಕ್ಕ. ನಡುವಿನ ಸ್ಟಡ್‌ಗಳು, ಅಂದರೆ ನಟ್ ಕೂರುವ ಬೋಲ್ಟ್‌ಗಳು, ಎರಡಕ್ಕೂ ಸೇರಿದ್ದು. ಒಂದು ದಪ್ಪ ವಾಷರ್ ಅರ್ಧ ಇಂಟೇಕ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ ಕೂತು ಎರಡನ್ನೂ ಒತ್ತಿ ಹಿಡಿಯಬೇಕು. ಎರಡರ ಫ್ಲ್ಯಾಂಜ್ (ಎಂಜಿನ್‌ಗೆ ತಾಗುವ ಅಂಚು) ದಪ್ಪ ಒಂದೇ ಇದ್ದರೆ ಮಾತ್ರ ಇದು ನಡೆಯುತ್ತದೆ. ನನ್ನದರಲ್ಲಿ ವಾಷರ್ ಓರೆಯಾಗಿ ನಿಂತಿತ್ತು, ಒಂದು ಕಾಲು ಗಿಡ್ಡವಾದ ಮಂಚದ ಹಾಗೆ. ವರ್ನಿಯರ್ ಹಿಡಿದು ದಪ್ಪ ಅಳೆದೆ. ಹೊಸ ಇಂಟೇಕ್ ಸುಮಾರು 2 ಮಿ.ಮೀ. ತೆಳ್ಳಗೆ. ನಟ್ ಎಷ್ಟು ತಿರುವಿದರೂ ಬಿಗಿಯಾಗುತ್ತಿದ್ದದ್ದು ಎಕ್ಸಾಸ್ಟ್ ಮಾತ್ರ! ಲೇತ್ ಅಂಗಡಿಯಲ್ಲಿ ಮೆಟ್ಟಿಲು ಇರುವ ವಾಷರ್ ಮಾಡಿಸಿದ ಮೇಲೆ ಏರ್ ಲೀಕ್ ನಿಂತಿತು. ಮುನ್ನೂರು ರೂಪಾಯಿ ಕೆಲಸ. (ಏರ್ ಲೀಕ್ ಹುಡುಕಲು ಕೆಲವರು ಕಾರ್ಬೊರೇಟರ್ ತೊಳೆಯುವ ಸ್ಪ್ರೇ ಹೊಡೆದು ನೋಡುತ್ತಾರೆ. ಕೆಳಗೇ ಕಾದ ಎಕ್ಸಾಸ್ಟ್ ಇರುತ್ತದೆ, ಬೆಂಕಿ ಹತ್ತಿದರೆ ಗಾಡಿಯೇ ಹೋಗುತ್ತದೆ. ಬೇಡ.)

ಅಷ್ಟಾದರೂ ಎಳೆತ ಬರಲಿಲ್ಲ. ಎಸ್‌ಯುನಲ್ಲಿ ಎಂಜಿನ್ ಗಾಳಿ ಎಳೆದಷ್ಟು ಕಾರ್ಬೊರೇಟರ್ ಒಳಗಿನ ಪಿಸ್ಟನ್ ಮೇಲೇಳುತ್ತದೆ, ಅದರ ಜೊತೆ ಚೂಪಾದ ಸೂಜಿಯೂ ಎದ್ದು ಪೆಟ್ರೋಲ್ ಬಿಡುತ್ತದೆ. ಈಗಿನ 20% ಎಥನಾಲ್ ಪೆಟ್ರೋಲ್‌ಗೆ ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಪಾಲು ಸ್ವಲ್ಪ ಜಾಸ್ತಿ ಬೇಕು ಅನ್ನಿಸಿದರೆ ಅಡಿಯಲ್ಲಿರುವ ನಟ್ ಒಂಚೂರು ತಿರುಗಿಸಿದರೆ ಸಾಕು. ವೆಬರ್‌ನಲ್ಲಿ ಹಾಗಿಲ್ಲ. ಮೇನ್ ಜೆಟ್, ಏರ್ ಜೆಟ್, ಐಡಲ್ ಜೆಟ್ (ಪೆಟ್ರೋಲ್, ಗಾಳಿ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳು), ಎಲ್ಲ ನಿಮ್ಮ ಎಂಜಿನ್‌ಗೆ ತಕ್ಕ ಅಳತೆಯವೇ ಬೇಕು. ನನಗೆ ಬಂದದ್ದರಲ್ಲಿ ಯಾವ ಎಂಜಿನ್‌ನ ಜೆಟ್ ಇತ್ತೋ. ಅದು ಅಸಲಿ ವೆಬರ್ ಅಲ್ಲ, ನಕಲಿ ಅಂತ ಗೊತ್ತಾಗಿದ್ದೂ ಜೆಟ್ ಮೇಲಿನ ನಂಬರ್ ಓದಲು ಹೋದಾಗಲೇ. ಒಂದರ ಮೇಲೂ ನಂಬರ್ ಇರಲಿಲ್ಲ.

ನಿಜವಾಗಿ ಹೆದರಿದ್ದು ನವಲೂರು ಸೇತುವೆ ಮೇಲೆ. ಧಾರವಾಡಕ್ಕೆ ಹೊರಟಿದ್ದೆ, ಪಕ್ಕದಲ್ಲಿ ಮಗಳು. ಲಾರಿ ದಾಟಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಎಂಜಿನ್ ಕೂಗು ಇಳಿಯಲಿಲ್ಲ, ಏರಿತು. ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ಒಂದು ಟ್ರ್ಯಾಕ್ಟರ್. ಕ್ಲಚ್ ಒತ್ತಿ ಕೀ ತಿರುಗಿಸಿ ಆಫ್ ಮಾಡಿದೆ. ಬದಿಗೆ ನಿಲ್ಲಿಸಿದ ಮೇಲೆ ಮಗಳು, "ಪಪ್ಪಾ, ಇನ್ನ ಮ್ಯಾಲೆ ಬಸ್ಸಿಗೇ ಹೋಗೂಣು" ಅಂದಳು. ಆಕ್ಸಿಲರೇಟರ್ ಕೇಬಲ್ ಹಿಡಿಯುವ ಕ್ಲಾಂಪ್ ಅಡ್ಡ ಕೂತಿತ್ತು. ಒಳಗಿನ ತಂತಿ ಉಜ್ಜಿ ಎಳೆ ಬಿಚ್ಚಿಕೊಂಡು ಸಿಕ್ಕಿಹಾಕಿಕೊಂಡಿತ್ತು. ವಾಪಸ್ ಎಳೆಯಲು ಇದ್ದದ್ದು ಒಂದೇ ಸ್ಪ್ರಿಂಗ್, ಅದೂ ಸಡಿಲ. ಯಾವ ಕಾರ್ಬೊರೇಟರ್ ಹಾಕಿಸಿದರೂ ಎರಡು ಸ್ಪ್ರಿಂಗ್ ಹಾಕಿಸಿ. ಇದರಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ.

ಇನ್ನೂ ಇತ್ತು. ಎಂಜಿನ್ ಒಳಗಿನ ಹೊಗೆ ಎಳೆಯುವ ಬ್ರೀದರ್ ವಾಲ್ವ್ ಹಳೇ ಮ್ಯಾನಿಫೋಲ್ಡ್ ಮೇಲಿತ್ತು. ಹೊಸದರಲ್ಲಿ ಅದಕ್ಕೆ ಜಾಗವೇ ಇಲ್ಲ. ಪೈಪನ್ನು ಸುಮ್ನೆ ಕೆಳಗೆ ನೇತುಹಾಕಿದ್ದರು. ತಿಂಗಳಲ್ಲಿ ಟ್ಯಾಪೆಟ್ ಕವರ್‌ನಿಂದ ಆಯಿಲ್ ಜಿನುಗತೊಡಗಿತು. ಏಪ್ರಿಲ್ ಬಿಸಿಲಿಗೆ ಗಾಡಿ ನಿಲ್ಲಿಸಿ ಚಹಾ ಕುಡಿದು ಬಂದರೆ ಸ್ಟಾರ್ಟೇ ಆಗದು. ಎಕ್ಸಾಸ್ಟ್ ಶಾಖಕ್ಕೆ ಅಡ್ಡ ತಗಡೂ ಇಲ್ಲದೆ ಕಾರ್ಬೊರೇಟರ್ ಕೂರಿಸಿದ್ದರು, ಒಳಗಿನ ಪೆಟ್ರೋಲ್ ಕುದಿಯುತ್ತಿತ್ತು.

ಕೊನೆಗೆ ಹಳೇ ಹುಬ್ಬಳ್ಳಿಯ ಒಬ್ಬ ಚಾಚಾ ಸಿಕ್ಕರು. ಎಪ್ಪತ್ತು ದಾಟಿದ ಮಿಸ್ತ್ರಿ. ಬಾನೆಟ್ ಎತ್ತಿ ಒಂದು ನಿಮಿಷ ನೋಡಿ, "ಹಳೇವು ಎಲ್ಲಿ ಅದಾವ್ರಿ ಸಾಹೇಬ್ರ?" ಅಂದರು. ಕೊಟ್ಟೆ ಅಂದೆ. ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟರು. "ಸ್ಪಿಂಡಲ್ ಅಲುಗಾಡತಿತ್ತೇನು?" ಅಲುಗಾಡುತ್ತಿತ್ತು, ನಿಜ. ಥ್ರಾಟಲ್ ಸ್ಪಿಂಡಲ್, ಅಂದರೆ ಕಾರ್ಬೊರೇಟರ್ ಒಳಗೆ ಗಾಳಿ ಬಿಡುವ ತಟ್ಟೆ ತಿರುಗುವ ಕಡ್ಡಿ, ಸವೆದರೆ ಆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಐಡ್ಲಿಂಗ್ ಒಂದೇ ಸಮ ಇರುವುದಿಲ್ಲ. ಎರಡು ಸ್ಪಿಂಡಲ್, ನಾಲ್ಕು ಬುಷ್, ಲೇತ್‌ನಲ್ಲಿ ಅರ್ಧ ದಿನದ ಕೆಲಸ. ನನ್ನ ಗಾಡಿಗೆ ಇದ್ದ ರೋಗ ಅಷ್ಟೇ.

ವ್ಯಾಪಾರಿಗೆ ಫೋನ್ ಮಾಡಿದೆ. "ಅವು ಹೋದ್ವಲ್ರಿ ಸರ, ಹದಿನೈದ ದಿನಾ ಆತು." ಎಷ್ಟಕ್ಕೆ ಅಂತ ಕೇಳುವ ಧೈರ್ಯ ಬರಲಿಲ್ಲ. ಇಂಗ್ಲೆಂಡಿನಿಂದ ರಿಪೇರಿ ಮಾಡಿದ ಎಚ್‌ಎಸ್4 ಜೋಡಿ, ಮ್ಯಾನಿಫೋಲ್ಡ್ ತರಿಸಿದೆ. ಕಸ್ಟಮ್ಸ್ ಸೇರಿ ವೆಬರ್ ಕಿಟ್‌ಗೆ ಕೊಟ್ಟ ದುಡ್ಡಿಗಿಂತ ಜಾಸ್ತಿಯೇ ಆಯಿತು. ಚಾಚಾ ಒಂದು ರಬ್ಬರ್ ಪೈಪಿನ ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ ಇಟ್ಟು, ಎರಡರ ಸುಯ್ ಸದ್ದು ಒಂದೇ ಆಗುವವರೆಗೆ ಹೊಂದಿಸಿದರು. ನಲವತ್ತು ನಿಮಿಷ.

ಕಿಟ್ ಈಗ ಅಟ್ಟದ ಮೇಲಿದೆ. ಮಾರುತ್ತೀರಾ ಅಂತ ಈಗಾಗಲೇ ಇಬ್ಬರು ಕೇಳಿದ್ದಾರೆ. ಇಬ್ಬರಿಗೂ ಆ ಓರೆ ವಾಷರ್ ತೋರಿಸಿ ಕಳಿಸಿದ್ದೇನೆ.