ಪುಣೆಯಲ್ಲಿ ಸಿಮ್ಯುಲೇಟರ್ ತರಬೇತಿ: ಘಾಟಿಗೆ ಸೈ, ಬ್ರೇಕಿಗೆ ಅಷ್ಟಕ್ಕಷ್ಟೆ

ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ಲಾರಿ ಓಡಿಸುವವರಿಗೆ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಡೀಸೆಲ್ ಉಳಿಯಲಿ ಅಂತ ಅಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವವರಿದ್ದಾರೆ. ಆ ತಪ್ಪನ್ನು ನಿಜವಾದ ರಸ್ತೆಯಲ್ಲಿ ಮಾಡಿಸಿ ತೋರಿಸಲು ಯಾವ ಉಸ್ತಾದನಿಗೂ ಆಗುವುದಿಲ್ಲ. ಪಿಂಪ್ರಿ-ಚಿಂಚವಡ ಭಾಗದ ಒಂದು ಖಾಸಗಿ ಕೇಂದ್ರದಲ್ಲಿರುವ, ಕೂತಲ್ಲೇ ಲಾರಿ ಓಡಿಸುವ ಅನುಭವ ಕೊಡುವ ಸಿಮ್ಯುಲೇಟರ್‌ಗೆ ದುಡ್ಡು ಕೊಡಲು ಇದೊಂದೇ ಕಾರಣ ಸಾಕು.

ಎದುರಿಗೆ ಮೂರು ಪರದೆ, ಲಾರಿಯದೇ ಸೀಟು, ಸ್ಟೇರಿಂಗ್, ಮೂರು ಪೆಡಲ್, ಗೇರ್ ಲಿವರ್, ಏರ್ ಪ್ರೆಷರ್ ಗೇಜು. ಗುಂಡಿಗೆ ಬಿದ್ದರೆ, ತಿರುವಿನಲ್ಲಿ ವಾಲಿದರೆ ಸೀಟು ಅಲುಗುತ್ತದೆ. ಕನ್ನಡಿಗಳು ಮಾತ್ರ ಪರದೆಯಲ್ಲೇ ಮೂಡುವ ಚಿತ್ರ. ಮುಂದೆ ಬಾಗಿ ನೋಡಿದರೂ ಅದೇ ನೋಟ. ಹಾಗಾಗಿ ಬ್ಲೈಂಡ್ ಸ್ಪಾಟ್ (ಕನ್ನಡಿಗೆ ಸಿಗದ ಜಾಗ) ನೋಡುವ ಅಭ್ಯಾಸ ಇಲ್ಲಿ ಆಗದು.

ಘಾಟಿನ ಪಾಠ ಚೆನ್ನಾಗಿದೆ. ಲೋಡ್ ಗಾಡಿಯನ್ನು ಮೊದಲು ನ್ಯೂಟ್ರಲ್‌ನಲ್ಲೇ ಇಳಿಸಲು ಬಿಡುತ್ತಾರೆ. ಬ್ರೇಕ್ ತುಳಿದುಕೊಂಡೇ ಇದ್ದರೆ ಡ್ರಮ್ ಕಾದು ಹಿಗ್ಗುತ್ತದೆ, ಡ್ರಮ್ಮಿಗೆ ಉಜ್ಜುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಎಷ್ಟು ಒತ್ತಿದರೂ ಸ್ಪೀಡ್ ಇಳಿಯುವುದಿಲ್ಲ. ಗಾಬರಿಯಿಂದ ಪದೇಪದೇ ಪಂಪ್ ಮಾಡಿದರೆ ಬ್ರೇಕ್ ಹಿಡಿಸುವ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಇಂಜಿನ್ ಆಫ್ ಮಾಡಿದ್ದರಂತೂ ಗಾಳಿ ತುಂಬುವ ಕಂಪ್ರೆಸರ್ ನಿಂತಿರುತ್ತದೆ, ಸ್ಟೇರಿಂಗ್ ಕಲ್ಲಿನಂತಾಗುತ್ತದೆ. ಗೇಜಿನ ಮುಳ್ಳು ಇಳಿದು ಬಜರ್ ಕಿರುಚುತ್ತದೆ. ಆಗ ಗೇರ್ ಹಾಕಲು ಹೋದರೆ ಕರ್ರೆಂದು ಸದ್ದಾಗುತ್ತದೆ, ಗೇರ್ ಕೂರುವುದಿಲ್ಲ. ಇದನ್ನೂ ತಂತ್ರಾಂಶ ಬಿಡದೆ ತೋರಿಸುವುದು ಮೆಚ್ಚಬೇಕಾದದ್ದು.

ಆಮೇಲೆ ಸರಿಯಾದ ಕ್ರಮ. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಬೇಕು; ಹತ್ತುವಾಗ ಬೇಕಾಗುತ್ತಿದ್ದ ಗೇರ್ ಅಥವಾ ಅದಕ್ಕಿಂತ ಒಂದು ಕಡಿಮೆ. ಇಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಆನ್ ಇರಲಿ. 30 ಕಿ.ಮೀ. ಮಿತಿ ಅಂದುಕೊಂಡರೆ, ಮುಳ್ಳು 30 ಮುಟ್ಟಿದಾಗ ಗಟ್ಟಿಯಾಗಿ ಒಮ್ಮೆ ಒತ್ತಿ 22ರ ಸುತ್ತಮುತ್ತ ತಂದು, ಕಾಲು ಪೂರ್ತಿ ಎತ್ತಬೇಕು. ಕಾಲು ಎತ್ತಿದ ಹೊತ್ತಿನಲ್ಲೇ ಡ್ರಮ್ ತಣಿಯುವುದು, ಗಾಳಿ ತುಂಬುವುದು.

ಮಳೆಯ ಪಾಠವೂ ಪರವಾಗಿಲ್ಲ. ಟೈರಿನ ತೋಡು 4 ಮಿ.ಮೀ. ಇಟ್ಟು ಒಮ್ಮೆ, 1.6 ಮಿ.ಮೀ. ಇಟ್ಟು ಇನ್ನೊಮ್ಮೆ ಅದೇ ನೀರಿನ ಮೇಲೆ ಓಡಿಸುತ್ತಾರೆ. ಸ್ಟೇರಿಂಗ್ ಹಗುರಾಯಿತು ಅಂದರೆ ಟೈರು ನೀರಿನ ಮೇಲೆ ತೇಲುತ್ತಿದೆ ಅಂತ ಅರ್ಥ: ಬ್ರೇಕ್ ಬೇಡ, ಸ್ಟೇರಿಂಗ್ ತಿರುಗಿಸಬೇಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಖಂಡಾಲಾ ಮಂಜಿನ ಪಾಠದಲ್ಲಿ ಲೋ ಬೀಮ್ ಸಾಕು, ಓಡುವ ಗಾಡಿಗೆ ನಾಲ್ಕೂ ಇಂಡಿಕೇಟರ್ ಹಾಕಬಾರದು ಅನ್ನುತ್ತಾರೆ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. 30 ಮೀಟರ್ ಕಾಣುವ ಮಂಜಿನಲ್ಲಿ ಇದರ ಲೆಕ್ಕ ಪರದೆಯಲ್ಲೇ ಢಿಕ್ಕಿಯಾಗಿ ಅರ್ಥವಾಗುತ್ತದೆ.

ಕೊರತೆಗಳೂ ಇವೆ. ಬ್ರೇಕ್ ಪೆಡಲ್ ಬರೀ ಸ್ಪ್ರಿಂಗ್. ಜೋರಾಗಿ ಒತ್ತಿದಾಗ ಮೈ ಮುಂದಕ್ಕೆ ಬೀಳುವ ಅನುಭವ ಇಲ್ಲದ್ದರಿಂದ ಎಷ್ಟು ಒತ್ತಿದೆವು ಅನ್ನುವ ಅಂದಾಜು ತಪ್ಪುತ್ತದೆ. ಇದನ್ನು ಟ್ರ್ಯಾಕಿನ ಮೇಲೆ ನಿಜವಾದ ಗಾಡಿಯಲ್ಲೇ ಕಲಿಯಬೇಕು. ತಲೆ ಸುತ್ತು ಇನ್ನೊಂದು ತೊಂದರೆ: ಕಣ್ಣು ಓಡುತ್ತಿದೆ ಅನ್ನುತ್ತದೆ, ಒಳಗಿವಿ ಇಲ್ಲ ಅನ್ನುತ್ತದೆ. ಮೊದಲ ಸಲ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಫ್ಯಾನ್ ಬೇಕು, ಹೊಟ್ಟೆ ತುಂಬಾ ಉಂಡು ಹೋಗಬಾರದು. ಇಲ್ಲಿ ಬ್ಯಾಚ್ ಮುಗಿಸುವ ಅವಸರದಲ್ಲಿ ಒಂದೇ ಉಸಿರಿಗೆ ಅರ್ಧ ಗಂಟೆ ಕೂರಿಸುತ್ತಾರೆ. ಸೂಚನೆಗಳು ಹಿಂದಿ, ಮರಾಠಿಯಲ್ಲಿ ಮಾತ್ರ.

ಅದಕ್ಕಿಂತ ದೊಡ್ಡ ತಪ್ಪು ರಿಪ್ಲೇ, ಅಂದರೆ ಓಡಿಸಿದ್ದನ್ನು ಮತ್ತೆ ಹಾಕಿ ನೋಡುವುದನ್ನು, ಕೈಬಿಡುವುದು. ಯಾವ ಕ್ಷಣದಲ್ಲಿ ಯಾವ ಪೆಡಲ್ ಎಷ್ಟು ಒತ್ತಿದಿರಿ ಅನ್ನುವ ಗೆರೆ ಯಂತ್ರದಲ್ಲಿ ದಾಖಲಾಗಿರುತ್ತದೆ. ಅದನ್ನು ನೋಡದಿದ್ದರೆ ಇದು ವಿಡಿಯೋ ಗೇಮ್ ಅಷ್ಟೇ. ಕೇಳಿದರೆ ತೋರಿಸುತ್ತಾರೆ, ಕೇಳಿ.

2021ರ ಜುಲೈ 1ರಿಂದ ಜಾರಿಯಾದ ಕೇಂದ್ರ ಸರ್ಕಾರದ ನಿಯಮದಂತೆ ಮಾನ್ಯತೆ ಪಡೆದ ಡ್ರೈವಿಂಗ್ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಲೇಬೇಕು. ಆದರೆ ಬುಕ್ ಮಾಡುವಾಗ ಹೆವಿ ಗಾಡಿ, ಘಾಟ್ ಪಾಠ ಅಂತಲೇ ಹೇಳಿ. ಸುಮ್ಮನೆ ಸಿಮ್ಯುಲೇಟರ್ ಅಂದರೆ ಕಾರಿನ ಸಿಟಿ ರಸ್ತೆ ಹಾಕಿ ಕೂರಿಸಿಬಿಡುತ್ತಾರೆ.