ಕಿತ್ತಳೆ ಗಿಡ ತಗೊಳ್ಳೋರು ಒಂದ್ಸಲ ಓದಿ (ಮೂಡಿಗೆರೆ ಕಡೆಯ ನರ್ಸರಿ, 2 ಸ್ಟಾರ್)

ಹೆಸರು ಹಾಕಿ ಯಾರ ಹೊಟ್ಟೆ ಮೇಲೂ ಹೊಡೆಯೋ ಇಷ್ಟ ಇಲ್ಲ, ಅದಕ್ಕೆ ನರ್ಸರಿ ಹೆಸರು ಬರೀತಿಲ್ಲ. ಮೂರು ವರ್ಷದ ಹಿಂದೆ ಮಳೆ ಹಿಡಿಯೋ ಟೈಮಲ್ಲಿ ಕಾಫಿ ಮಧ್ಯೆ ಹಾಕೋಣ ಅಂತ ಇಲ್ಲಿಂದ 40 ಕೂರ್ಗ್ ಕಿತ್ತಳೆ ಕಸಿ ಗಿಡ ತಂದೆ. ಗಿಡ ಸೊಂಪಾಗಿತ್ತು, ಬೇರು ಚೆನ್ನಾಗಿತ್ತು, ಹುಡುಗ್ರು ಜೀಪಿಗೆ ನೀಟಾಗಿ ಲೋಡ್ ಮಾಡ್ಕೊಟ್ರು, ಆ 2 ಸ್ಟಾರ್ ಅದಕ್ಕೆ.

ಹೋದ ವರ್ಷ ಕೆಲವು ಗಿಡದಲ್ಲಿ ಒಂದೊಂದೇ ಕೊಂಬೆ ಹಳದಿ ತಿರುಗ್ತು. ಜಿಂಕ್ ಕಮ್ಮಿ ಆಗಿರ್ಬೇಕು ಅಂತ ಎರಡು ಸಲ ಸ್ಪ್ರೇ ಹೊಡ್ಸಿದೆ, ಏನೂ ಪ್ರಯೋಜನ ಆಗ್ಲಿಲ್ಲ. ಜಿಂಕ್ ಕೊರತೆ ಆದ್ರೆ ಎಲೆಯ ನಡುನರದ ಎರಡೂ ಕಡೆ ಒಂದೇ ಥರ ಹಳದಿ ಆಗುತ್ತೆ, ನಮ್ಮ ಗಿಡದ ಎಲೆ ಕಿತ್ತು ನೋಡಿದ್ರೆ ಒಂದು ಕಡೆ ಹಸಿರು, ಇನ್ನೊಂದು ಕಡೆ ಮಚ್ಚೆ ಮಚ್ಚೆ. ಲ್ಯಾಬಲ್ಲಿ ಪಿಸಿಆರ್ (ರೋಗಾಣು ಇದ್ಯಾ ಅಂತ ನೋಡೋ ಟೆಸ್ಟ್) ಮಾಡ್ಸಿದಾಗ ಗ್ರೀನಿಂಗ್ ರೋಗ ಅಂತ ಬಂತು, ಇದು ಬ್ಯಾಕ್ಟೀರಿಯಾದಿಂದ ಬರೋ ಕಾಯಿಲೆ, ರೋಗ ಇರೋ ಮರದ ಕಸಿ ಕಡ್ಡಿಯಿಂದನೂ ಹುಳದಿಂದನೂ ಹರಡುತ್ತೆ. ವಾಸಿ ಮಾಡೋ ಔಷಧಿ ಇಲ್ಲ ಇದಕ್ಕೆ. 11 ಗಿಡ ಬುಡಸಮೇತ ಕಿತ್ತು ಸುಟ್ಟೆ, ಬೇಸಿಗೇಲಿ ನೀರು ಹೊತ್ತು ಉಳಿಸಿದ ಗಿಡ ಅವು, ಅಪ್ಪ ಆ ದಿನ ತೋಟದ ಕಡೆ ಬರ್ಲೇ ಇಲ್ಲ.

ನರ್ಸರಿಗೆ ಹೋಗಿ ಕೇಳಿದೆ, ಅಣ್ಣ ಕಸಿ ಕಡ್ಡಿ ಯಾವ ತಾಯಿ ಮರದ್ದು? ಅದು ಹೊರಗಿಂದ ಬರುತ್ತೆ ಸಾರ್, ನಮಗೆ ಗೊತ್ತಿಲ್ಲ ಅಂದ್ರು. ಮೇಲೆ ಬರೀ ಶೇಡ್ ನೆಟ್, ಸುತ್ತ ಹುಳ ತಡೆಯೋ ಬಲೆನೇ ಇಲ್ಲ, ಕಿತ್ತಳೆ ಸಾಲಿನ ಪಕ್ಕದಲ್ಲೇ ಕರಿಬೇವಿನ ಸಸಿ. ಈ ರೋಗ ಹರಡೋ ಸಿಲ್ಲಾ ಹುಳಕ್ಕೆ ಕರಿಬೇವು ತವರುಮನೆ ಇದ್ದಂಗೆ. ಚಿಗುರು ಬಗ್ಗಿಸಿ ನೋಡಿದ್ರೆ ಎಳ್ಳಷ್ಟು ಗಾತ್ರದ ಕಂದು ಹುಳ, ತಲೆ ತಗ್ಗಿಸಿ ಹಿಂಭಾಗ ಮೇಲೆತ್ತಿ ಕೂತಿತ್ತು. ಸಿಲ್ಲಾ ಅಕ್ಕಪಕ್ಕದ ತೋಟದಿಂದನೂ ಹಾರಿ ಬರುತ್ತೆ ನಿಜ, ಆದ್ರೆ ಗಿಡ ಮಾರೋರು ಇಷ್ಟು ಬೇಜವಾಬ್ದಾರಿ ಆದ್ರೆ ಹೇಗೆ?

ಇದನ್ನ ಸಣ್ಣ ವಿಷ್ಯ ಅನ್ಕೋಬೇಡಿ. ಅಮೆರಿಕದ ಫ್ಲೋರಿಡಾದಲ್ಲಿ ಈ ರೋಗ 2005ರಲ್ಲಿ ಕಾಣಿಸ್ಕೊಂಡಿದ್ದು, 2003-04ರಲ್ಲಿ 24 ಕೋಟಿ ಬಾಕ್ಸ್ ಕಿತ್ತಳೆ ಬೆಳೆದ ಜಾಗ 2022-23ಕ್ಕೆ 1.6 ಕೋಟಿ ಬಾಕ್ಸಿಗೆ ಇಳೀತು, ಚಂಡಮಾರುತದ ಪಾಲೂ ಇದೆ ಅದ್ರಲ್ಲಿ, ಆದ್ರೆ ಮರಗಳ ಶಕ್ತಿ ಮೊದ್ಲೇ ಹೀರಿದ್ದು ಗ್ರೀನಿಂಗು. ಬ್ರೆಜಿಲ್‌ಗೆ 2004ರಲ್ಲೇ ಬಂದಿತ್ತು. ದುಡ್ಡು, ಲ್ಯಾಬು ಎಲ್ಲಾ ಇರೋರಿಗೇ ಈ ಗತಿ.

ಇವರು ಬಲೆ ಮನೆ ಕಟ್ಟಿ, ಕರಿಬೇವು ದೂರ ಇಟ್ಟು, ತಾಯಿ ಮರದ ಟೆಸ್ಟ್ ರಿಪೋರ್ಟ್ ತೋರ್ಸಿದ ದಿನ ನಾನೇ ಹೋಗಿ ಮತ್ತೆ 11 ಗಿಡ ತರ್ತೀನಿ, ರೇಟಿಂಗೂ ಬದಲಾಯಿಸ್ತೀನಿ.