ಹೊಸಪೇಟೆ ರಸ್ತೆಯ ಚಾಚಾ ಗ್ಯಾರೇಜ್: ಪಂಪ್ ಬಿಚ್ಚದೆ ಗಾಡಿ ಸರಿಯಾಯಿತು

ಈ ಗ್ಯಾರೇಜಿಗೆ ಬೋರ್ಡ್ ಇಲ್ಲ. ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದರೆ ಪಂಕ್ಚರ್ ಅಂಗಡಿಗಳ ಸಾಲು ಸಿಗುತ್ತದೆ. ಅದರ ಹಿಂದೆ ಒಂದು ಬೇವಿನ ಮರ, ಮರದ ಕೆಳಗೆ ಯಾವಾಗಲೂ ಎರಡು ಮೂರು ಟಿಪ್ಪರ್. ಮಿಸ್ತ್ರಿಯನ್ನು ಎಲ್ಲರೂ ಚಾಚಾ ಅಂತಾರೆ. ನಾನೂ ಹಾಗೇ ಬರೆಯುತ್ತೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಟಾಟಾ 1613 ಟಿಪ್ಪರ್, 697 ಎಂಜಿನ್. 6 ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), ಅದಕ್ಕೇ ಆ ಹೆಸರು. ಹಿಂದಿನ ಮಾಲೀಕನಿಗೆ ಆಸೆ ಜಾಸ್ತಿ. ದೊಡ್ಡ ಗಾಡಿಯ ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಕೂರಿಸಿ, ಆ ಗಾಳಿ ತಣ್ಣಗಾಗಿಸಲು ಗುಜರಿಯಿಂದ ಇಂಟರ್‌ಕೂಲರ್ ತಂದು ಸಿಕ್ಕಿಸಿ, ಡೀಸೆಲ್ ಜಾಸ್ತಿ ಹೋಗಲಿ ಅಂತ ಪಂಪ್ ಸೆಟ್ಟಿಂಗನ್ನೂ ಏರಿಸಿದ್ದ. ಆರು ತಿಂಗಳು ಗಾಡಿ ಕುದುರೆಯ ಹಾಗೆ ಓಡಿತು. ಆಮೇಲೆ ಆಕ್ಸಿಲರೇಟರ್ ಒತ್ತದೆ ಸ್ಲೋದಲ್ಲಿ ಬಿಟ್ಟರೆ ಕ್ಯಾಬಿನ್ ಪೂರ್ತಿ ನಡುಗುವುದು ಶುರು. ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಬಸವಣ್ಣ ಕುಣಿದು ಕುಣಿದು ಕೆಳಗೆ ಬೀಳುತ್ತಿದ್ದ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಲೋಡ್ ಹಾಕಿದರೆ ಕರಿ ಹೊಗೆ. ಸಂಡೂರು ಕಡೆಯ ಏರನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿಯಿತು.

ಮೊದಲು ಬೇರೆ ಕಡೆ ತೋರಿಸಿದೆ, ಹೆಸರು ಬೇಡ. ಸೆಟ್ಟಿಂಗ್ ಏರಿಸಿದ ಗಾಡಿ ಅಂತ ಗೊತ್ತಾದ ಕೂಡಲೇ ತಪ್ಪೆಲ್ಲ ಪಂಪಿನದೇ ಅಂದುಬಿಟ್ಟರು. ಪಂಪ್ ಇಳಿಸಿ, ಏರಿಸಿ, ಫಿಲ್ಟರ್ ಬದಲಿಸಿ 14,000 ರೂಪಾಯಿ ತಗೊಂಡರು. ನಡುಕ ಹಾಗೇ ಇತ್ತು. ‘ಇನ್ನು ಹೆಡ್ ಎತ್ತಬೇಕು’, ಅಂದರೆ ಎಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚಬೇಕು, ಅಂದಾಗ ಗಾಡಿ ತಿರುಗಿಸಿಕೊಂಡು ಬಂದೆ.

ಚಾಚಾ ಕೈಯಲ್ಲಿ ಪಾನಾ ಹಿಡಿಯುವ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ನಡುಕ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಕರಿ ಹೊಗೆ ಖಾಲಿ ಗಾಡಿಯಲ್ಲೂ ಬರುತ್ತದೋ? ಎಲ್ಲ ಕೇಳಿ, ‘ಇವು ಎರಡು ರೋಗ ಅದಾವಪ್ಪ, ಒಂದೇ ಮದ್ದು ಹುಡುಕಬ್ಯಾಡ’ ಅಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಒಂದು ರೋಗಕ್ಕೇ ದುಡ್ಡಿಲ್ಲ, ಇನ್ನು ಎರಡಂತೆ!

ಡೀಸೆಲ್ ಲೈನಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಗುಳ್ಳೆ ಬರುತ್ತದಾ ನೋಡಿದರು. ಬರಲಿಲ್ಲ. ಲೈನ್ ಏರ್ ಹಿಡಿದಿಲ್ಲ ಅಂತಾಯಿತು. ಆಮೇಲೆ ಎಂಜಿನ್ ಸ್ಲೋದಲ್ಲಿ ಓಡುತ್ತಿರುವಾಗಲೇ ಒಂದೊಂದು ನಾಜಲ್ (ಸಿಲಿಂಡರಿಗೆ ಡೀಸೆಲ್ ಸಿಡಿಸುವ ಭಾಗ) ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸುತ್ತಾ ಬಂದರು. ಸಡಿಲಿಸಿದ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ, ಎಂಜಿನ್ ಸದ್ದು ಕುಗ್ಗಬೇಕು. ಒಂದು, ಎರಡು, ಮೂರರಲ್ಲಿ ಕುಗ್ಗಿತು. ನಾಲ್ಕರಲ್ಲಿ ಏನೂ ಆಗಲಿಲ್ಲ. ಅಂದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. (ಹೊಸ ಹೊಗೆ ನಿಯಮದ ಬಿಎಸ್4, ಬಿಎಸ್6 ಕಾಮನ್ ರೈಲ್ ಗಾಡಿಯಲ್ಲಿ, ಅಂದರೆ ಎಲ್ಲ ನಾಜಲಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಗಾಡಿಯಲ್ಲಿ, ಇದನ್ನು ಯಾರೂ ಮಾಡಬೇಡಿ. ಅಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.)

ನನಗೆ ಇಷ್ಟವಾದದ್ದು ಇದರ ಮುಂದಿನ ಕೆಲಸ. ನಾಲ್ಕನೇ ನಾಜಲನ್ನು ಬಿಚ್ಚಿ ಎರಡಕ್ಕೆ ಹಾಕಿದರು, ಎರಡರದ್ದನ್ನು ನಾಲ್ಕಕ್ಕೆ. ಸ್ಟಾರ್ಟ್ ಮಾಡಿದರೆ ಮಿಸ್ಸಿಂಗ್ (ಸಿಲಿಂಡರ್ ಕೆಲಸ ಮಾಡದಿರುವುದು) ಎರಡಕ್ಕೆ ಬಂತು! ನಾಜಲ್ ಜೊತೆ ರೋಗವೂ ಹೋಯಿತಲ್ವಾ, ಹಾಗಾದರೆ ವಾಲ್ವ್, ರಿಂಗ್, ಪಂಪ್ ಎಲ್ಲ ಸರಿ ಇವೆ. ಹೆಡ್ ಎತ್ತುವ ಮಾತೇ ಮುಗಿಯಿತು. ನಾಜಲನ್ನು ಕೈ ಟೆಸ್ಟರಿಗೆ ಹಾಕಿ ತೋರಿಸಿದರು. ಮಂಜಿನ ಹಾಗೆ ಸಿಡಿಯಬೇಕಾದ ಡೀಸೆಲ್ ಕೆಟ್ಟ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಿತ್ತು. ಬೆಳಗಿನ ಬಿಳಿ ಹೊಗೆ ಅದೇ, ಸುಡದೆ ಹೊರಬಂದ ಡೀಸೆಲ್.

ಎರಡನೇ ರೋಗಕ್ಕೆ, ಅಂದರೆ ಕರಿ ಹೊಗೆಗೆ, ಮರುದಿನ ಹೋಗಬೇಕಾಯಿತು. ಟರ್ಬೋ ಬಾಯಿಗೆ ಒಂದು ಮುಚ್ಚಳ, ಅದಕ್ಕೆ ಹಳೇ ಟ್ಯೂಬಿನ ವಾಲ್ವ್. ಕಂಪ್ರೆಸರಿನಿಂದ ಸ್ವಲ್ಪವೇ ಗಾಳಿ ಬಿಟ್ಟು ಪೈಪುಗಳಿಗೆ ಸೋಪಿನ ನೀರು ಬಳಿದರು. ಇಂಟರ್‌ಕೂಲರ್ ಹೋಸಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ನೊರೆ ಉಕ್ಕಿತು. ಹಿಂದಿನ ಮಾಲೀಕ ಅಲ್ಲಿ ರೇಡಿಯೇಟರ್ ಹೋಸನ್ನೇ ಕತ್ತರಿಸಿ ಹಾಕಿದ್ದ. ಟರ್ಬೋದಿಂದ ಬರುವ ಎಣ್ಣೆ ಹಬೆಗೆ ಆ ರಬ್ಬರ್ ಮೆತ್ತಗಾಗಿ ಸೀಳಿತ್ತು. ಸ್ಲೋದಲ್ಲಿ ಬೂಸ್ಟ್, ಅಂದರೆ ಟರ್ಬೋ ಒತ್ತುವ ಗಾಳಿ, ಇರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಲೋಡಿನಲ್ಲಿ ಸೀಳು ಬಾಯಿ ಬಿಡುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಏರಿಸಿದ ಪಂಪ್ ಮಾತ್ರ ಡೀಸೆಲ್ ಸುರಿಯುತ್ತಲೇ ಇರುತ್ತದೆ. ಕರಿ ಹೊಗೆ ಬರದೆ ಇನ್ನೇನು?

ಹೊಸ ನಾಜಲ್, ತಾಮ್ರದ ವಾಷರ್, ಸಿಲಿಕಾನ್ ಹೋಸ್, ಗಟ್ಟಿ ಕ್ಲಿಪ್, ಅದಿರು ಧೂಳಿನಿಂದ ಇಟ್ಟಿಗೆಯಾಗಿದ್ದ ಏರ್ ಫಿಲ್ಟರಿಗೆ ಬದಲು ಹೊಸದು, ಕೂಲಿ. ಎಲ್ಲ ಸೇರಿ 6,800 ರೂಪಾಯಿ. ಪಂಪನ್ನು ಇಳಿಸಲಿಲ್ಲ, ಇದ್ದ ಜಾಗದಲ್ಲೇ ಸೆಟ್ಟಿಂಗ್ ಸ್ವಲ್ಪ ಕಡಿಮೆ ಮಾಡಿದರು. ನನಗೆ ಇಷ್ಟ ಇರಲಿಲ್ಲ. ‘ಹೊಗೆ ಟೆಸ್ಟಿಗೆ ನಾನು ಬರಲ್ಲ, ನೀನೇ ಹೋಗಬೇಕು’ ಅಂತ ಚಾಚಾ ಅಂದ ಮೇಲೆ ಸುಮ್ಮನಾದೆ.

ಪಂಪಿನ ಕೆಲಸ ಎಲ್ಲಿ ಕಲಿತಿರಿ ಅಂತ ಕೇಳಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತಲ್ಲೇ ನಿಂತು ಪಂಪ್ ಜಾಮ್ ಆಗಿದ್ದವಂತೆ. ರಿಪೇರಿಗೆ ದುಡ್ಡು ಕೊಡುವವರಿಲ್ಲ, ಸಮಯ ಮಾತ್ರ ಬೇಕಾದಷ್ಟು. ಒಂದೊಂದನ್ನೇ ಬಿಚ್ಚಿ ಕಲಿತರಂತೆ.

ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ ಬಿಲ್ ಕೊಡುವುದಿಲ್ಲ, ಫೋನ್ ಎತ್ತುವುದಿಲ್ಲ, ‘ಸಂಜೆಗೆ ಆಗ್ತದ’ ಅಂದರೆ ಯಾವ ದಿನದ ಸಂಜೆ ಅಂತ ಕೇಳಿಕೊಳ್ಳಬೇಕು. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿಗೆ ಬಾಗಿಲು ಹಾಕಿರುತ್ತದೆ. ಬಸವಣ್ಣ ಈಗ ಅಲುಗಾಡದೆ ಕೂತಿದ್ದಾನೆ, ಏರಿನಲ್ಲಿ ಮೂರನೇ ಗೇರೂ ವಾಪಸ್ ಬಂದಿದೆ. ಟರ್ಬೋ ಶಾಫ್ಟಿನಲ್ಲಿ ಸ್ವಲ್ಪ ಆಟ (ಸಡಿಲ) ಇದೆ, ಎರಡು ತಿಂಗಳು ಬಿಟ್ಟು ಬಾ ಅಂದಿದ್ದಾರೆ. ಹೋಗುತ್ತೇನೆ.